ನಿಂತ ಬೈಕು ಯಾಕೆ ಮಿಸ್ ಹೊಡೆಯುತ್ತದೆ?

ದೊಡ್ಡಪ್ಪನ ಬೈಕು ಆರು ವರ್ಷದಿಂದ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ಮಂಡ್ಯದ ಹತ್ತಿರ, ವಿ.ಸಿ. ನಾಲೆಯ ಬಯಲಿನ ಊರು ನಮ್ಮದು. ಬೈಕಿನ ಮೇಲೆ ಗೊಬ್ಬರದ ಚೀಲ ಹೊದಿಸಿದ್ದರು. ಸೀಟು ಕೋಳಿಯ ಪಾಲಾಗಿತ್ತು. ಸಂಕ್ರಾಂತಿಗೆ ಊರಿಗೆ ಹೋದಾಗ ಅಣ್ಣನ ಮಗ ಅದನ್ನು ಹೊರಗೆ ತಳ್ಳಿಕೊಂಡು ಬಂದ. ಅವನು ಆ ವರ್ಷ ಮೈಸೂರಿನಲ್ಲಿ ಕಾಲೇಜು ಸೇರಿದ್ದ, ಓಡಾಡಲು ಗಾಡಿ ಬೇಕಿತ್ತು. ಒಂದು ಲೀಟರ್ ಹೊಸ ಪೆಟ್ರೋಲ್ ಸುರಿದ, ಮೂವತ್ತು ಕಿಕ್ ಹೊಡೆದ. ಅಚ್ಚರಿ ಅಂದರೆ ಸ್ಟಾರ್ಟ್ ಆಯಿತು! ಆದರೆ ಚೋಕ್ ಎಳೆದಿದ್ದರೆ ಮಾತ್ರ. ಚೋಕ್ ಬಿಟ್ಟರೆ ಆಫ್. ಎಕ್ಸಲೇಟರ್ ಕೊಟ್ಟರೆ ಸೈಲೆನ್ಸರಿನಲ್ಲಿ ಪಟ್ ಪಟ್. ಹೀಗೆ ಇಂಜಿನ್ ಒಂದೇ ಸಮ ಉರಿಯದೆ ತಡವರಿಸುವುದಕ್ಕೇ ಮಿಸ್ ಹೊಡೆಯುವುದು ಅನ್ನುತ್ತಾರೆ.

‘ಇಂಜಿನ್ ಹೋಗಿದೆ, ಗುಜರಿಗೆ ಹಾಕಿ’ ಅಂದರು ಪಕ್ಕದ ಮನೆಯವರು.

ಇಂಜಿನ್ ಹೋಗಿರಲಿಲ್ಲ. ನಿಂತು ಹಾಳಾಗುವುದೇ ಬೇರೆ, ಓಡಿ ಸವೆಯುವುದೇ ಬೇರೆ. ಓಡಿದ ಬೈಕಿನಲ್ಲಿ ಕಬ್ಬಿಣ ಸವೆದಿರುತ್ತದೆ. ನಿಂತ ಬೈಕಿನಲ್ಲಿ ಸಾಮಾನ್ಯವಾಗಿ ಕಬ್ಬಿಣ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅದರೊಳಗಿನ ಪೆಟ್ರೋಲು, ರಬ್ಬರು, ಮತ್ತೆ ಕರೆಂಟು ಹರಿಯುವ ಜಾಗಗಳು. ಇದೊಂದು ತಿಳಿದರೆ ಸುಮ್ನೆ ಇಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸುವ, ಅಂದರೆ ಬೋರ್ ಮಾಡಿಸುವ ಖರ್ಚು ಎಷ್ಟೋ ಸಲ ಉಳಿಯುತ್ತದೆ. ಇಲ್ಲಿ ಹೇಳುತ್ತಿರುವುದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇರುವ ಹಳೆಯ ಬೈಕುಗಳ ಬಗ್ಗೆ. 2020ರಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂತು. ಅವುಗಳ ಕಥೆ ಬೇರೆ.

ಕಿಕ್ ಹೊಡೆಯುವ ಮುಂಚೆ

ನಮ್ಮ ಹುಡುಗ ಮಾಡಿದ ಮೊದಲ ತಪ್ಪು ಆ ಮೂವತ್ತು ಕಿಕ್ಕು.

ಇಂಜಿನ್ನಿನ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ ಸುತ್ತ ತೆಳ್ಳಗಿನ ರಿಂಗುಗಳಿವೆ. ಅವು ಸಿಲಿಂಡರಿನ ಗೋಡೆಗೆ ಒತ್ತಿಕೊಂಡಿರುತ್ತವೆ. ಮಧ್ಯೆ ಆಯಿಲ್ಲಿನ ಪದರ ಇರುವವರೆಗೆ ತೊಂದರೆ ಇಲ್ಲ. ವರ್ಷಗಟ್ಟಲೆ ನಿಂತರೆ ಆಯಿಲ್ ಕೆಳಗೆ ಇಳಿದುಹೋಗುತ್ತದೆ, ಗೋಡೆ ಒಣಗುತ್ತದೆ, ತೇವಕ್ಕೆ ತೆಳುವಾಗಿ ತುಕ್ಕು ಕೂರುತ್ತದೆ. ಅದರ ಮೇಲೆ ಜೋರಾಗಿ ಕಿಕ್ ಹೊಡೆಯುವುದು ಅಂದರೆ ಗೋಡೆಗೆ ಎಮರಿ ಕಾಗದ ಉಜ್ಜಿದ ಹಾಗೆ.

ಆದ್ದರಿಂದ ಮೊದಲು ಇಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಡಿ. ಒಂದು ರಾತ್ರಿ ಹಾಗೇ ಇರಲಿ. ಮಾರನೇ ದಿನ ಡಬಲ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ತಂದು, ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಚಕ್ರದ ಜೊತೆ ಪಿಸ್ಟನ್ನೂ ಓಡಾಡುತ್ತದೆ. ಸಲೀಸಾಗಿ ತಿರುಗಿದರೆ ಅರ್ಧ ಯುದ್ಧ ಗೆದ್ದ ಹಾಗೆ. ತಿರುಗಲೇ ಇಲ್ಲ ಅಂದರೆ ಕಿಕ್ಕರ್ ಮೇಲೆ ಹತ್ತಿ ಕುಣಿಯಬೇಡಿ. ಇನ್ನಷ್ಟು ಆಯಿಲ್ ಬಿಟ್ಟು ಎರಡು ಮೂರು ದಿನ ಕಾಯಿರಿ. ಆಗಲೂ ಅಲುಗದಿದ್ದರೆ ಪಿಸ್ಟನ್ ಜಾಮ್ ಆಗಿದೆ, ಮೆಕ್ಯಾನಿಕ್ ಹತ್ತಿರ ಹೋಗಲೇಬೇಕು.

ಇಂಜಿನ್ ಆಯಿಲ್ ಕೂಡ ಆಗಲೇ ಬದಲಿಸಿಬಿಡಿ. ಹಳೆಯದನ್ನು ಇಳಿಸುವಾಗ ಬಣ್ಣ ನೋಡಿ. ಕಪ್ಪಗಿದ್ದರೆ ಪರವಾಗಿಲ್ಲ. ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ.

ಇನ್ನೊಂದು, ಹಳ್ಳಿ ಕಡೆಯವರಿಗೆ ಮುಖ್ಯ. ಸೈಲೆನ್ಸರಿನ ತುದಿಗೆ ಟಾರ್ಚ್ ಬಿಟ್ಟು ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳವನ್ನೂ ತೆಗೆಯಿರಿ. ನಮ್ಮದರಲ್ಲಿ ಇಲಿ ಒಂದು ಬೊಗಸೆ ಭತ್ತದ ಹೊಟ್ಟು ತುಂಬಿತ್ತು. ಗಾಳಿ ಒಳಗೂ ಹೋಗದೆ ಹೊರಗೂ ಬರದೆ ಇದ್ದರೆ ಇಂಜಿನ್ ಉಸಿರಾಡುವುದಾದರೂ ಹೇಗೆ?

ಪೆಟ್ರೋಲಿಗೂ ವಯಸ್ಸಾಗುತ್ತದೆ

ಪೆಟ್ರೋಲ್ ಒಂದೇ ವಸ್ತು ಅಲ್ಲ. ಬೇಗ ಆರುವ ಹಗುರವಾದವು, ನಿಧಾನವಾಗಿ ಆರುವ ಭಾರವಾದವು, ಹೀಗೆ ನೂರಾರು ವಸ್ತುಗಳ ಮಿಶ್ರಣ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಬೇಕಾದದ್ದು ಆ ಹಗುರವಾದ ಭಾಗ. ಗಾಡಿ ನಿಂತರೆ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಂಟಾಗುತ್ತದೆ. ಹಾಲು ಕಾಯಿಸಿದ ಪಾತ್ರೆ ತೊಳೆಯದೆ ಬಿಟ್ಟರೆ ತಳದಲ್ಲಿ ಒಂದು ಪದರ ಕಟ್ಟುತ್ತದಲ್ಲ, ಹಾಗೆ. ಹಳೆಯ ಪೆಟ್ರೋಲಿನ ಬಣ್ಣ ಗಾಢವಾಗಿರುತ್ತದೆ, ವಾಸನೆ ವಾರ್ನಿಶ್ ತರಹ ಹುಳಿಹುಳಿ. ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಇದರ ಜೊತೆಗೆ ಎಥನಾಲ್. ಕಬ್ಬಿನಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ ಮಾಡುವ ಸ್ಪಿರಿಟ್ ಇದು. ದೇಶದಲ್ಲಿ 2022ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 10 ಭಾಗ ಎಥನಾಲ್ ಬೆರೆಸುವ ಗುರಿ ಮುಟ್ಟಿತು, 2025ರಲ್ಲಿ 20ಕ್ಕೆ ಬಂತು. ಬಂಕ್‌ನಲ್ಲಿ ‘ಇ20’ ಅಂತ ಬರೆದಿರುವುದು ಅದನ್ನೇ. ಎಥನಾಲಿಗೆ ಒಂದು ಗುಣವಿದೆ, ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಅಚ್ಚು ಬೆಲ್ಲವನ್ನು ತೆರೆದಿಟ್ಟರೆ ಬೆವರಿ ನೀರಾಗುತ್ತದೆ, ಅಲ್ವಾ? ಅದೇ ಕಬ್ಬಿನ ಕೂಸು ಇದೂ. ತೇವ ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಜೋಡಿಯಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್ನಿಗೆ ಪೆಟ್ರೋಲ್ ಹೋಗುವ ನಲ್ಲಿ ಇರುವುದೂ ತಳದಲ್ಲೇ.

ಹಾಗಾಗಿ ಹಳೆಯ ಪೆಟ್ರೋಲಿನ ಮೇಲೆ ಹೊಸದನ್ನು ಸುರಿದರೆ ಪ್ರಯೋಜನವಿಲ್ಲ. ಹುಳಿ ಮಜ್ಜಿಗೆಗೆ ಹೊಸ ಹಾಲು ಹೊಯ್ದ ಹಾಗೆ, ಎರಡೂ ಹೋಗುತ್ತವೆ. ಹಳೆಯದನ್ನು ಪೂರ್ತಿ ಇಳಿಸಿ. ಬಯಲಿನಲ್ಲಿ, ಒಲೆ ಬೀಡಿ ಎರಡರಿಂದಲೂ ದೂರ.

ಕಾರ್ಬುರೇಟರ್ ಒಳಗೆ ಏನು ನಡೆಯುತ್ತದೆ?

ಮಿಸ್ ಹೊಡೆಯುವ ರೋಗದ ಮೂಲ ಬಹಳ ಸಲ ಇಲ್ಲೇ ಸಿಗುವುದು. ಸ್ವಲ್ಪ ನಿಧಾನವಾಗಿ ನೋಡೋಣ.

ಪೆಟ್ರೋಲ್ ಒಂದೇ ಉರಿಯುವುದಿಲ್ಲ, ಗಾಳಿ ಬೇಕು. ಲೆಕ್ಕ ಹೇಳುವುದಾದರೆ ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ. ಈ ಹದದಲ್ಲಿ ಎರಡನ್ನೂ ಬೆರೆಸಿ ಕೊಡುವ ಅಡುಗೆಯವನೇ ಕಾರ್ಬುರೇಟರ್. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆಯಾದರೆ ಅದಕ್ಕೆ ‘ಲೀನ್’ ಅನ್ನುತ್ತಾರೆ. ಪೆಟ್ರೋಲ್ ಜಾಸ್ತಿಯಾದರೆ ‘ರಿಚ್’.

ಹಳೇ ಕಾಲದ ಫ್ಲಿಟ್ ಪಂಪ್ ನೆನಪಿದೆಯೇ, ಸೊಳ್ಳೆಗೆ ಹೊಡೆಯುತ್ತಿದ್ದದ್ದು? ಹಿಡಿ ಒತ್ತಿದರೆ ಗಾಳಿ ವೇಗವಾಗಿ ನುಗ್ಗುತ್ತಿತ್ತು. ಆ ಗಾಳಿ ಕೆಳಗಿನ ಡಬ್ಬಿಯ ಔಷಧಿಯನ್ನು ಕೊಳವೆಯ ಮೂಲಕ ಮೇಲಕ್ಕೆ ಎಳೆದು ಹನಿಹನಿಯಾಗಿ ಚಿಮ್ಮಿಸುತ್ತಿತ್ತು. ಕಾರ್ಬುರೇಟರಿನಲ್ಲೂ ಅದೇ ತತ್ವ. ಪಿಸ್ಟನ್ ಕೆಳಗಿಳಿದಾಗ ಗಾಳಿಯನ್ನು ಎಳೆಯುತ್ತದೆ, ಗಾಳಿ ಸಣ್ಣ ಸಂದಿಯಲ್ಲಿ ವೇಗವಾಗಿ ಹೋಗುತ್ತದೆ, ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಮೇಲೇರುತ್ತದೆ. ಆ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯಲು ಒಂದು ಫ್ಲೋಟ್ ಇದೆ. ಮನೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಬಾಲ್ ವಾಲ್ವ್ ಇರುತ್ತದಲ್ಲ, ಅದರ ತಮ್ಮ.

ಪೆಟ್ರೋಲ್ ಮೇಲೇರುವ ದಾರಿಯಲ್ಲಿ ಹಿತ್ತಾಳೆಯ ಪುಟ್ಟ ಮೊಳೆಯಂಥವು ಇವೆ, ಮಧ್ಯೆ ತೂತು. ಅವೇ ಜೆಟ್‌ಗಳು. ದೊಡ್ಡದು ಮೇನ್ ಜೆಟ್, ಜೋರಾಗಿ ಓಡುವಾಗ ಕೆಲಸಕ್ಕೆ ಬರುತ್ತದೆ. ಚಿಕ್ಕದು ಸ್ಲೋ ಜೆಟ್. ಗಾಡಿ ಐಡ್ಲಿಂಗಿನಲ್ಲಿ, ಅಂದರೆ ಇಂಜಿನ್ ಓಡುತ್ತಾ ನಿಂತಿರುವಾಗ, ಆಗ ತಾನೇ ಹೊರಡುವಾಗ ಇಂಜಿನ್ನಿಗೆ ಅನ್ನ ಹಾಕುವುದು ಇದೇ. ಇದರ ತೂತು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾದಾಗ ಮೊದಲು ಮುಚ್ಚಿಕೊಳ್ಳುವುದು ಈ ತೂತು. ಸೀಮೆಎಣ್ಣೆಯ ಪಂಪ್ ಸ್ಟೌವ್ ಉರಿಸಿದ ಅಮ್ಮಂದಿರಿಗೆ ಈ ರೋಗ ಚೆನ್ನಾಗಿ ಗೊತ್ತು. ನಿಪ್ಪಲ್ ಕಟ್ಟಿಕೊಂಡರೆ ಉರಿ ಕೆಂಪಾಗಿ ಕುಣಿಯುತ್ತಿತ್ತು, ಪಿನ್ ಹಾಕಿದರೆ ಮತ್ತೆ ನೀಲಿ.

ಈಗ ನಮ್ಮ ಬೈಕು ಚೋಕ್ ಎಳೆದರೆ ಮಾತ್ರ ಯಾಕೆ ಓಡುತ್ತಿತ್ತು ಅನ್ನುವುದು ಅರ್ಥವಾಗುತ್ತದೆ. ಚೋಕ್ ಎಳೆದರೆ ಗಾಳಿಯ ದಾರಿ ಕಿರಿದಾಗುತ್ತದೆ, ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಸ್ಲೋ ಜೆಟ್ ಕಟ್ಟಿಕೊಂಡು ಹಸಿದಿದ್ದ ಇಂಜಿನ್ನಿಗೆ ಅಷ್ಟು ಸಾಕು. ಚೋಕ್ ಬಿಟ್ಟೊಡನೆ ಮತ್ತೆ ಉಪವಾಸ.

ಕಾರ್ಬುರೇಟರ್ ಇಳಿಸಿ ಬಟ್ಟಲು ಬಿಚ್ಚಿದಾಗ ತಳದಲ್ಲಿ ಹಸಿರು ಮಿಶ್ರಿತ ಕಂದು ಗಸಿ ಇತ್ತು. ಉಗುರಿನಲ್ಲಿ ಕೆರೆದರೆ ಬೇವಿನ ಮರದ ಅಂಟಿನ ಹಾಗೆ ಬಂತು. ಜೆಟ್ ಬಿಚ್ಚಲು ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಬೇಕು, ಹಿತ್ತಾಳೆ ಮೆತ್ತಗಿರುತ್ತದೆ, ತಲೆ ಕಿತ್ತುಹೋಗುತ್ತದೆ. ಸ್ಲೋ ಜೆಟ್ಟನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಕತ್ತಲೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಮತ್ತೆ ನೋಡಿದೆ. ಸಾಸಿವೆಗಿಂತ ಸಣ್ಣ, ದುಂಡಗಿನ ಬೆಳಕಿನ ಚುಕ್ಕೆ. ಆ ಚುಕ್ಕೆ ದುಂಡಗೆ ಕಾಣುವವರೆಗೂ ಜೆಟ್ ವಾಪಸ್ ಹಾಕಬಾರದು.

ಒಂದು ಎಚ್ಚರಿಕೆ. ಉಕ್ಕಿನ ತಂತಿ, ಸೂಜಿ, ಪಿನ್ನು ತೂರಿಸಬೇಡಿ. ಸ್ಟೌವ್ ನಿಪ್ಪಲ್ಲಿಗೆ ನಡೆದದ್ದು ಇಲ್ಲಿ ನಡೆಯುವುದಿಲ್ಲ. ತೂತು ಕೂದಲಷ್ಟು ದೊಡ್ಡದಾದರೂ ಹದ ಕೆಡುತ್ತದೆ. ಬೇಕೇ ಬೇಕು ಅಂದರೆ ಕರೆಂಟ್ ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆ. ಹಳೆಯ ಮೆಕ್ಯಾನಿಕ್‌ಗಳ ಕಿಸೆಯಲ್ಲಿ ಅದು ಇರುತ್ತದೆ. ಜೆಟ್ ಜೊತೆ ಕಾರ್ಬುರೇಟರ್ ಮೈಯೊಳಗಿನ ಸಣ್ಣ ದಾರಿಗಳಿಗೂ ಗಾಳಿ ಹೊಡೆಸಿ. ಬರೀ ಜೆಟ್ ತೊಳೆದು, ಆ ದಾರಿಗಳನ್ನು ಬಿಟ್ಟು, ‘ಏನು ಮಾಡಿದರೂ ಸರಿಯಾಗಲಿಲ್ಲ’ ಅನ್ನುವವರೇ ಜಾಸ್ತಿ.

ಯಾವಾಗ ಮಿಸ್ ಹೊಡೆಯುತ್ತದೆ ಅನ್ನುವುದೇ ಸುಳಿವು

ಡಾಕ್ಟರು ‘ಜ್ವರ ಯಾವ ಹೊತ್ತಿಗೆ ಬರುತ್ತೆ?’ ಅಂತ ಕೇಳುತ್ತಾರೆ. ಒಳ್ಳೆ ಮೆಕ್ಯಾನಿಕ್ ಕೂಡ ಅದನ್ನೇ ಕೇಳುತ್ತಾನೆ.

ಐಡ್ಲಿಂಗ್ ನಿಲ್ಲುವುದಿಲ್ಲ, ಚೋಕ್ ಬೇಕೇ ಬೇಕು ಅಂದರೆ ಸ್ಲೋ ಜೆಟ್. ಜೆಟ್ ಸ್ವಚ್ಛವಾಗಿದ್ದೂ ಹಾಗೇ ಆದರೆ ಎಲ್ಲೋ ‘ಏರ್ ಎಳೆಯುತ್ತಿದೆ’. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರು ಒಣಗಿ ಬಿರಿದು, ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗುತ್ತಿರುತ್ತದೆ. ಗಾಡಿ ಓಡುತ್ತಿರುವಾಗ ಆ ಜೋಡಣೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಇಂಜಿನ್ ಸದ್ದು ಬದಲಾದರೆ ಕಳ್ಳ ಸಿಕ್ಕಿದ.

ಐಡ್ಲಿಂಗ್ ಚೆನ್ನಾಗಿದೆ, ನಲವತ್ತರ ಸ್ಪೀಡಿನ ಮೇಲೆ ಪಿಕಪ್ ಇಲ್ಲ ಅಂದರೆ ಮೇನ್ ಜೆಟ್ ನೋಡಿ. ಅಥವಾ ಟ್ಯಾಂಕಿನ ನಲ್ಲಿಯಿಂದ ಪೆಟ್ರೋಲ್ ಸಾಕಷ್ಟು ಇಳಿಯುತ್ತಿಲ್ಲ. ಸೈಲೆನ್ಸರ್ ಕಟ್ಟಿಕೊಂಡರೂ ಹೀಗೇ.

ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಪೈಪಿನಿಂದ ತೊಟ್ಟಿಕ್ಕುವುದು ಅಂದರೆ ಫ್ಲೋಟ್ ಸಿಕ್ಕಿಕೊಂಡು ಓವರ್‌ಫ್ಲೋ ಆಗುತ್ತಿದೆ. ಇಲ್ಲವೇ ಏರ್ ಫಿಲ್ಟರ್ ಮುಚ್ಚಿದೆ.

ಎಲ್ಲಕ್ಕಿಂತ ತಮಾಷೆಯದು ಇದು. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಸಾಯುತ್ತದೆ, ಐದು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಪುಸ್’ ಅಂತ ಸದ್ದು ಬಂದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಗಾಳಿ ಒಳಗೆ ಬರದೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯದ ಹಾಗೆ. ಒಂದು ಗುಂಡುಪಿನ್ನಿನ ಕೆಲಸ.

ಟ್ಯಾಂಕಿನ ತುಕ್ಕು

ಕಾರ್ಬುರೇಟರ್ ತೊಳೆದ ಮೂರನೇ ದಿನ ನಮ್ಮ ಬೈಕು ಮತ್ತೆ ಮಿಸ್ ಹೊಡೆಯಿತು. ಬಿಚ್ಚಿ ನೋಡಿದರೆ ಬಟ್ಟಲಿನಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು. ತುಕ್ಕು ಟ್ಯಾಂಕಿನಿಂದ ಬಂದಿತ್ತು. ಅರ್ಧ ಖಾಲಿ ಟ್ಯಾಂಕಿನ ಮೇಲ್ಭಾಗಕ್ಕೆ ತೇವ ತಾಕಿ ತುಕ್ಕು ಹಿಡಿಯುತ್ತದೆ. ಮೊದಲು ಟ್ಯಾಂಕು, ಆಮೇಲೆ ಕಾರ್ಬುರೇಟರ್. ಈ ಕ್ರಮ ತಪ್ಪಿಸಿದ್ದು ನನ್ನದೇ ಅವಸರ.

ಟ್ಯಾಂಕ್ ಇಳಿಸಿ ನಲ್ಲಿ ಬಿಚ್ಚಿ, ತೂತು ಮುಚ್ಚಿ, ಒಂದು ಹಿಡಿ ನಟ್ಟುಗಳನ್ನು ಹಾಕಿ ಸೋಪಿನ ನೀರಿನಲ್ಲಿ ಕುಲುಕಿ. ಉದುರುವ ತುಕ್ಕೆಲ್ಲ ಬರುತ್ತದೆ. ಅಂಟಿಕೊಂಡದ್ದಕ್ಕೆ ವಿನೆಗರ್ ಅಥವಾ ನಿಂಬೆ ಉಪ್ಪು ಕರಗಿಸಿದ ನೀರು ತುಂಬಿ ಒಂದು ದಿನ ಬಿಡಿ. ಹುಣಸೆಹಣ್ಣಿನಲ್ಲಿ ಹಿತ್ತಾಳೆ ಚೊಂಬು ಬೆಳಗುವುದಿಲ್ಲವೇ, ಅದೇ ಹುಳಿಯ ಕೆಲಸ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ಹುಳಿ ತೆಗೆಯಬೇಕು. ಬಿಸಿಲಿನಲ್ಲಿ ಪೂರ್ತಿ ಒಣಗಿದ ಕೂಡಲೇ ಸ್ವಲ್ಪ ಆಯಿಲ್ ಹಾಕಿ ಒಳಗೆಲ್ಲ ಸವರುವ ಹಾಗೆ ತಿರುಗಿಸಿ, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ. ಪೆಟ್ರೋಲ್ ಪೈಪ್ ಹೊಸದು ಹಾಕಿ. ಹಳೆಯ ರಬ್ಬರು ಎಥನಾಲಿಗೆ ಉಬ್ಬಿ ಉದುರುತ್ತದೆ. ಮಧ್ಯೆ ಒಂದು ಸಣ್ಣ ಪ್ಲಾಸ್ಟಿಕ್ ಫಿಲ್ಟರ್ ಇದ್ದರೆ ಒಳ್ಳೆಯದು.

ಕಿಡಿ ಬರುತ್ತಿದೆಯೇ?

ಪೆಟ್ರೋಲ್ ಸರಿಯಾದ ಮೇಲೂ ಮಿಸ್ ಇದ್ದರೆ ಕರೆಂಟಿನ ಕಡೆ ತಿರುಗಬೇಕು. ಪ್ಲಗ್ ಹೊಸದೇ ಹಾಕಿ, ಅಗ್ಗದ ಸಾಮಾನು. ಹಳೆಯದನ್ನು ಎಸೆಯುವ ಮುಂಚೆ ತುದಿ ನೋಡಿ. ಒಣ ಮಸಿ ಇದ್ದರೆ ರಿಚ್. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ.

ಹಳೆಯ 100 ಸಿಸಿ ಬೈಕುಗಳಲ್ಲಿ ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದರೆ ಕಿಡಿ ಬರುವಂಥವು ಬಹಳ. ಆದರೆ ವೈರಿನ ಕನೆಕ್ಷನ್‌ಗಳು ಹಸಿರಾಗಿರುತ್ತವೆ. ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಇದು ಜಾಸ್ತಿ, ಗಂಜಲದಿಂದ ಏಳುವ ಅಮೋನಿಯಾ ತಾಮ್ರ ಹಿತ್ತಾಳೆಗೆ ಆಗಿಬರುವುದಿಲ್ಲ. ಒಂದೊಂದೇ ಕನೆಕ್ಷನ್ ಬಿಚ್ಚಿ, ಎಮರಿ ಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಹಾಕಿ. ಬೇಸರದ ಕೆಲಸ, ಫಲ ಖಚಿತ. ಹಳ್ಳ ದಿಣ್ಣೆ ಹಾರಿದಾಗ ಮಾತ್ರ ಮಿಸ್ ಹೊಡೆಯುವ ಗಾಡಿಗೆ ಔಷಧಿ ಇದೇ.

ಯೆಜ್ಡಿ ಇದ್ದವರಿಗೆ

ಮೈಸೂರಿನಲ್ಲಿ ಕೂತು ಹಳೇ ಬೈಕಿನ ಮಾತಾಡುತ್ತಾ ಯೆಜ್ಡಿ ಬಿಡುವುದು ಹೇಗೆ? ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾದವು. 1996ರಲ್ಲಿ ಬಾಗಿಲು ಮುಚ್ಚಿತು. ಊರಿನ ಎಷ್ಟೋ ಮನೆಗಳ ವರಾಂಡದಲ್ಲಿ ಇನ್ನೂ ಒಂದೊಂದು ನಿಂತಿದೆ.

ಅದು ಟೂ ಸ್ಟ್ರೋಕ್. ಅಂದರೆ ಪೆಟ್ರೋಲ್ ಮಿಶ್ರಣ ಮೊದಲು ಇಂಜಿನ್ನಿನ ಕೆಳಹೊಟ್ಟೆಗೆ ಹೋಗಿ, ಆಮೇಲೆ ಪಿಸ್ಟನ್ ಮೇಲಕ್ಕೆ ಬರುತ್ತದೆ. ಆ ಕೆಳಹೊಟ್ಟೆ ಗಾಳಿಯಾಡದಂತೆ ಬಿಗಿಯಾಗಿರಬೇಕು. ಅದನ್ನು ಕಾಯುವುದು ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲ್‌ಗಳು. ವರ್ಷಗಟ್ಟಲೆ ನಿಂತರೆ ಅವು ಗಟ್ಟಿಯಾಗಿ ಬಿರಿಯುತ್ತವೆ. ಆಗ ಎಕ್ಸಲೇಟರ್ ಬಿಟ್ಟರೂ ಇಂಜಿನ್ ಕಿರುಚುತ್ತಲೇ ಇರುತ್ತದೆ. ಇಲ್ಲವೇ ಗೇರ್ ಬಾಕ್ಸಿನ ಆಯಿಲ್ ಎಳೆದು ಬೀದಿ ತುಂಬ ಬಿಳಿ ಹೊಗೆ. ಕಾರ್ಬುರೇಟರ್ ಎಷ್ಟು ತೊಳೆದರೂ ಇದು ಹೋಗುವುದಿಲ್ಲ. ಸೀಲ್ ಬದಲಿಸಲು ಇಂಜಿನ್ ಇಳಿಸಿ ಕೂರುವ ತಾಳ್ಮೆಯ ಹಳೇ ಕೈ ಬೇಕು. ಕಿಡಿಗೆ ಕರೆಂಟು ಕೂಡಿಸಿ ಕಡಿಯುವ ಕಾಂಟ್ಯಾಕ್ಟ್ ಪಾಯಿಂಟ್ ಇರುವ ಗಾಡಿಯಾದರೆ ಅದರ ಮುಖಕ್ಕೆ ಹಿಡಿದ ಕಿಲುಬನ್ನೂ ಉಜ್ಜಬೇಕು. ಪೆಟ್ರೋಲಿಗೆ ಟೂ ಸ್ಟ್ರೋಕ್ ಇಂಜಿನ್ನಿನ 2ಟಿ ಆಯಿಲ್ ಬೆರೆಸುವುದು ಮರೆತರೆ ಪಿಸ್ಟನ್ ಜಾಮ್ ಆಗುತ್ತದೆ. ಲೀಟರಿಗೆ 30ರಿಂದ 40 ಮಿಲಿ ಹಾಕುವುದು ರೂಢಿ.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಇಂಜಿನ್ ಹಾಡತೊಡಗಿದ ಖುಷಿಯಲ್ಲಿ ರೋಡಿಗೆ ಇಳಿಯಬೇಡಿ. ಡ್ರಮ್ ಬಿಚ್ಚಿ ಬ್ರೇಕ್ ಶೂ ನೋಡಿ, ಕೇಬಲ್ ಬದಲಿಸಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2315 ಅಂದರೆ 2015ನೇ ಇಸವಿಯ 23ನೇ ವಾರ. ಹೂವು ಸವೆಯದಿದ್ದರೂ ಹತ್ತು ವರ್ಷದ ರಬ್ಬರನ್ನು ನಂಬಬಾರದು.

ಕಾಗದಪತ್ರ ಕೂಡ. ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇನ್ಶೂರೆನ್ಸ್, ಎಮಿಷನ್ ಟೆಸ್ಟ್ ಇಲ್ಲದೆ ಓಡಿಸುವಂತಿಲ್ಲ. ಬೈಕು ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ಹೆಸರು ಬದಲಾವಣೆ. ಖರ್ಚು ಮಾಡುವ ಮುಂಚೆಯೇ ಆರ್‌ಸಿ ತೆಗೆದು ನೋಡುವುದು ಜಾಣತನ.

ಕೊನೆಯ ಟ್ಯೂನಿಂಗು

ಇಂಜಿನ್ ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆಯೇ ಟ್ಯೂನಿಂಗ್. ಕಾರ್ಬುರೇಟರಿನಲ್ಲಿ ಎರಡು ಸ್ಕ್ರೂ ಇವೆ. ಒಂದು ಐಡ್ಲಿಂಗ್ ಏರಿಸಿ ಇಳಿಸುವುದು, ಇನ್ನೊಂದು ಗಾಳಿ ಪೆಟ್ರೋಲಿನ ಹದ ನೋಡುವುದು. ಹದದ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಅದರ ಆಚೆ ಈಚೆ ಕಾಲು ಕಾಲು ಸುತ್ತು ಆಡಿಸುತ್ತಾ ಕಿವಿ ಕೊಡಿ. ಸದ್ದು ಎಲ್ಲಿ ತುಂಬ ಚುರುಕಾಗಿ, ಒಂದೇ ಸಮ ಬರುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಐಡ್ಲಿಂಗ್ ಇಳಿಸಿ. ಇ20ಯಲ್ಲಿ ಒಂದು ವಿಷಯ ನೆನಪಿರಲಿ. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ಸ್ವಲ್ಪ ಲೀನ್ ಆಗುತ್ತದೆ. ಹಳೇ ಲೆಕ್ಕದ ಟ್ಯೂನಿಂಗ್ ಅದಕ್ಕೇ ಸರಿಹೋಗದೆ ಇರಬಹುದು.

ಸಮತಟ್ಟು ರೋಡಿನಲ್ಲಿ ಎಲ್ಲ ಬೈಕೂ ಸಭ್ಯವಾಗಿಯೇ ಓಡುತ್ತದೆ. ಕಾಗದವೆಲ್ಲ ಸರಿಮಾಡಿಕೊಂಡ ಮೇಲೆ ನಮ್ಮದನ್ನು ಚಾಮುಂಡಿ ಬೆಟ್ಟ ಹತ್ತಿಸಿದೆವು, ಇಬ್ಬರು ಕೂತು. ನಂದಿ ದಾಟುವವರೆಗೂ ಒಮ್ಮೆಯೂ ಕೆಮ್ಮಲಿಲ್ಲ. ಮೇಲೆ ನಿಲ್ಲಿಸಿ, ಆರಿದ ಮೇಲೆ ಪ್ಲಗ್ ಬಿಚ್ಚಿದೆವು. ತುದಿ ಬಿಸ್ಕತ್ತಿನ ಬಣ್ಣ, ಅಂದರೆ ಹದ ಸರಿಯಾಗಿದೆ. ಫೋಟೊ ತೆಗೆದು ದೊಡ್ಡಪ್ಪನಿಗೆ ಕಳಿಸಿದರೆ ಐದು ನಿಮಿಷಕ್ಕೆ ಫೋನ್ ಬಂತು.

‘ಸರಿ ಬುಡ್ಲಾ, ಓಡಿಸ್ಕೊ. ಕೋಳಿಗೆ ಬೇರೆ ಜಾಗ ನೋಡ್ಬೇಕು ಕಣ್ಲಾ.’